ಮಿಸ್ ಐಸ್‌ಲ್ಯಾಂಡ್ ಉಟ್ಟ ಸೊಳ್ಳೆಪರದೆ

“ಸೊಳ್ಳೆಪರದೆ ಎಲ್ಲೋ?” ಅಂತ ಅಜ್ಜಿ ಪಾಸಿಂಗ್ ಕೇಳಿದ ತಕ್ಷಣ ಮೆಲ್ಚೋರ್ ಬಾಯಿತುಂಬ ಅನ್ನ ತುರುಕಿಕೊಂಡ. ಬಾಯಲ್ಲಿ ಅನ್ನ ಇರುವವನು ಉತ್ತರ ಹೇಳೋಕಾಗಲ್ಲ ನೋಡಿ.

ಅಜ್ಜಿ ಬಿಡುವವಳಲ್ಲ. ಅನ್ನ ಗಂಟಲಿಂದ ಇಳಿಯುವ ತನಕ ಕಾದಳು. ಕಾಯುತ್ತಲೇ ಮೊಣಕೈ ಕೆರೆದುಕೊಂಡಳು. ಪಕ್ಕದಲ್ಲಿ ಎಂಟು ವರ್ಷದ ತಂಗಿ ಲಿನಿಂಗ್ ಕಾಲು ಕೆರೆದುಕೊಂಡಳು. ಬಾಗಿಲ ಹತ್ತಿರ ಕೂತು ಒಣಮೀನು ಕಡಿಯುತ್ತಿದ್ದ ಅಪ್ಪ ಡೊಮಿಂಗ್ ಕತ್ತು ಕೆರೆದುಕೊಂಡ. ಮನೆಮಂದಿಯ ಮೈಮೇಲೆಲ್ಲ ಕೆಂಪು ದದ್ದು ಎದ್ದಿದ್ದವು.

“ತೊಳೆದು ಹಾಕಿದೀನಿ ಅಜ್ಜಿ, ಇನ್ನೂ ಒಣಗಿಲ್ಲ” ಅಂದ ಮೆಲ್ಚೋರ್.

“ವಾರದಿಂದ ಒಣಗ್ತಾ ಇದೆಯಾ? ಈ ಬಿಸಿಲಿಗೆ ಮೀನೇ ಮಧ್ಯಾಹ್ನದೊಳಗೆ ಒಣಗುತ್ತೆ.”

“ಅದರ ಅಂಚು ದಪ್ಪ ಇದೆಯಲ್ಲ, ಅದಕ್ಕೆ” ಅಂದ. ಅಪ್ಪ ಹತ್ತಿರ ಇದ್ದರೆ ಮೆಲ್ಚೋರನ ದನಿ ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು. ಹದಿನೈದು ವರ್ಷದ ಹುಡುಗ ಬೇಕಂತಲೇ ಅಷ್ಟು ಗಡಸಾಗಿ ಮಾತಾಡಿದರೆ ಕೆಮ್ಮು ಬರುತ್ತೆ. ಬಂತು. ಅಪ್ಪ ನೀರಿನ ಲೋಟ ಅವನ ಕಡೆ ಸರಿಸಿದ. ಅಪ್ಪ ಮಾತಾಡುವುದೇ ಕಡಿಮೆ.

ಹೊರಗೆ ಬಂದ ಮೇಲೆ ಲಿನಿಂಗ್ ಅಣ್ಣನ ಶರಟು ಹಿಡಿದು ಎಳೆದಳು. ಪರದೆ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಗ್ಲೆಂಡಾ ಆಂಟಿಯ ಪಾರ್ಲರಿನ ಕಿಟಕಿಯಲ್ಲಿ ಇಣುಕಿ ನೋಡಿಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡಿರಬೇಕಾದರೆ ತನ್ನ ಚಪ್ಪಲಿಗೆ ಚಮಕಿ ಅಂಟಿಸಿಕೊಡಬೇಕು ಅಂದಳು. ಮೆಲ್ಚೋರ್ ಆಯ್ತು ಅಂದ. ಎರಡೂ ಚಪ್ಪಲಿಗೆ ಅಂದಳು. ಅದಕ್ಕೂ ಆಯ್ತು ಅಂದ. “ಮತ್ತೆ ಸ್ಟೇಜ್ ಮೇಲೆ ನಿನ್ನ ಗೌನಿನ ಬಾಲ ನಾನೇ ಹಿಡ್ಕೋಬೇಕು” ಅಂದಳು. ಕಳ್ಳನಿಗೆ ಒಬ್ಬ ಸಾಕ್ಷಿ ಇದ್ದರೆ ಎಷ್ಟು ಕಷ್ಟ ಅಂತ ಮೆಲ್ಚೋರನಿಗೆ ಅವತ್ತು ಗೊತ್ತಾಯಿತು.

ವಿಷಯ ಏನಪ್ಪಾ ಅಂದರೆ, ಅವರ ಮೀನುಗಾರರ ಊರು ಲನಿಪಾದಲ್ಲಿ ಹಬ್ಬದ ಹಿಂದಿನ ಸಂಜೆ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ರಾಣಿಯರ ಸ್ಪರ್ಧೆ, ಒಬ್ಬೊಬ್ಬರೂ ಒಂದೊಂದು ದೇಶದ ಸುಂದರಿಯಾಗಿ ಬರುತ್ತಾರೆ. ರಾಣಿಯರೆಲ್ಲ ಗಂಡುಮಕ್ಕಳಾಗಿ ಹುಟ್ಟಿದವರು. ಊರಲ್ಲಿ ಅವರಿಗೆ ಬಕ್ಲಾ ಅಂತಾರೆ. ಆ ಮಾತನ್ನು ಕೆಲವರು ಕಲ್ಲಿನ ಹಾಗೆ ಎಸೀತಾರೆ. ಗ್ಲೆಂಡಾ ಆಂಟಿಯಂಥವರು ಅದೇ ಮಾತನ್ನು ಹೆಕ್ಕಿಕೊಂಡು ಕಿರೀಟದ ಹಾಗೆ ತಲೆ ಮೇಲೆ ಇಟ್ಟುಕೊಳ್ತಾರೆ.

ಗ್ಲೆಂಡಾ ಆಂಟಿ ಹುಟ್ಟಿದಾಗ ಇಟ್ಟ ಹೆಸರು ಗ್ಲೆನ್. ಆ ಹೆಸರಿಂದ ಕರೆದರೆ ಕತ್ತರಿ ಹಿಡಿದ ಕೈ ನಡುಗುತ್ತೆ, ಆಮೇಲೆ ನಿಮ್ಮ ಕೂದಲು ಏನಾಗುತ್ತೋ ನನಗೆ ಗೊತ್ತಿಲ್ಲ ಅಂತ ಅವಳು ಎಲ್ಲರಿಗೂ ಹೇಳಿಟ್ಟಿದ್ದಳು. ಹಾಗಾಗಿ ಊರಲ್ಲಿ ಯಾರೂ ಕರೆಯುತ್ತಿರಲಿಲ್ಲ.

ಮೆಲ್ಚೋರ್ ದಿನಾ ಸಂಜೆ ಸ್ಕೂಲ್ ಬಿಟ್ಟ ಮೇಲೆ ಪಾರ್ಲರಿಗೆ ಹೋಗಿ ಕೂತಿರುತ್ತಿದ್ದ. ಅಲ್ಲಿ ಅವನಿಗೆ ಬಾವಿಯ ದನಿ ಬೇಕಾಗುತ್ತಿರಲಿಲ್ಲ. ನಗು ಬಂದರೆ ಬಂದ ಹಾಗೇ ನಗುತ್ತಿದ್ದ. ಒಂದು ದಿನ ಗ್ಲೆಂಡಾ ಆಂಟಿ ಅವನ ತಲೆಗೆ ಉದ್ದ ಕೂದಲಿನ ವಿಗ್ ಇಟ್ಟು, ಕಣ್ಣಿಗೆ ಬಣ್ಣ ಹಚ್ಚಿ, ಕನ್ನಡಿ ಕಡೆ ತಿರುಗಿಸಿದಳು. ಮೆಲ್ಚೋರ್ ಬಹಳ ಹೊತ್ತು ನೋಡಿದ. ಮನೆಯ ಕನ್ನಡಿಯಲ್ಲಿ ಯಾವಾಗಲೂ ಯಾರೋ ಬೇರೆ ಹುಡುಗ ನಿಂತಿರುತ್ತಿದ್ದ, ಗಡಸು ಮುಖ ಮಾಡಿಕೊಂಡು. ಇಲ್ಲಿ ನಿಂತಿದ್ದದ್ದು ತಾನೇ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅಳು ಬಂದು ಕಣ್ಣಿನ ಬಣ್ಣ ಗಲ್ಲಕ್ಕೆ ಇಳಿಯಿತು. ಬಣ್ಣ ಹಾಳು ಮಾಡಿದ್ದಕ್ಕೆ ಆಂಟಿ ಬಾಚಣಿಗೆಯಿಂದ ತಲೆಗೆ ಮೊಟಕಿದಳು.

ಈ ವರ್ಷ ಸ್ಕೂಲ್ ಮಕ್ಕಳಿಗೆ ಅಂತಲೇ ಬೇರೆ ಸ್ಪರ್ಧೆ ಇಟ್ಟಿದ್ದರು. ಅದಕ್ಕೊಂದು ನಿಯಮ: ಗೌನನ್ನು ಅಂಗಡಿಯಿಂದ ತರಬಾರದು, ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಬೇಕು. ಮೆಲ್ಚೋರನ ಗೆಳೆಯ ಜುಂಡೆಲ್ ಅಕ್ಕಿ ಚೀಲ ಹೊಲಿದು ಮಿಸ್ ಬ್ರೆಜಿಲ್ ಆಗಿದ್ದ. ಒಳ್ಳೊಳ್ಳೆ ದೇಶಗಳನ್ನೆಲ್ಲ ಬೇರೆಯವರು ಮೊದಲೇ ಹಿಡಿದುಬಿಟ್ಟಿದ್ದರು, ಮೆಲ್ಚೋರನಿಗೆ ಉಳಿದದ್ದು ಐಸ್‌ಲ್ಯಾಂಡ್. ಅವನು ಕಂಡ ಐಸೆಲ್ಲ ಮೀನಿನ ಡಬ್ಬಿಯೊಳಗಿನದು. ಆದರೂ ಬಿಳಿ ಇರಬೇಕು, ತೆಳ್ಳಗೆ ಇರಬೇಕು ಅಂತ ಯೋಚನೆ ಮಾಡುತ್ತಾ ಮನೆಯಲ್ಲಿ ಮಲಗಿದಾಗ ಕಣ್ಣ ಮುಂದೆಯೇ ತೂಗಾಡುತ್ತಿತ್ತು, ನಾಲ್ಕು ಜನ ಮಲಗುವಂಥ ದೊಡ್ಡ ಬಿಳಿ ಸೊಳ್ಳೆಪರದೆ.

ಕತ್ತರಿ ಹಾಕಲಿಲ್ಲ. ಕಳ್ಳತನದಲ್ಲೂ ಒಂದು ಮರ್ಯಾದೆ ಬೇಡವೇ? ನೆರಿಗೆ ಹಿಡಿದು, ಗಂಟು ಹಾಕಿ, ಮೇಲೆಲ್ಲ ಬೆಳ್ಳಿ ಚಮಕಿ ಹೊಲಿದ. ಗ್ಲೆಂಡಾ ಆಂಟಿ ಅವನಿಗೊಂದು ಉದ್ದನೆಯ ಹೆಸರೂ ಕೊಟ್ಟಳು: ವೆರೋನಿಕಾ ಅಲೆಗ್ರಾ ದೆ ಲಾ ಫುಯೆಂತೆ. ರಾಣಿಯಾದವಳು ಸ್ಟೇಜಿಗೆ ಬಂದು ದೇಶದ ಹೆಸರನ್ನು ಉಸಿರು ಇರುವಷ್ಟೂ ಎಳೆದು ಕೂಗಬೇಕು, ಆಮೇಲೆ ತನ್ನ ಹೆಸರು, ಆಮೇಲೆ ತಾನು ನಂಬಿರುವ ಒಂದು ಗಾದೆ. ಗಾದೆಗೆ ಜನ ನಗದಿದ್ದರೆ ಗೌನು ಎಷ್ಟು ಚೆನ್ನಾಗಿದ್ದರೂ ದಂಡ. ಮೆಲ್ಚೋರ್ ನೀರು ಹೊರುವಾಗ, ಸ್ಕೂಲಿಗೆ ನಡೆಯುವಾಗ, ಲೆಕ್ಕ ಮಾಡುವಾಗ, ತುಟಿಯೊಳಗೇ ವೆರೋನಿಕಾ ಅಲೆಗ್ರಾ ಅನ್ನುತ್ತಿದ್ದ.

ಅವನಿಗೆ ಇದ್ದ ಹೆದರಿಕೆ ಒಂದೇ, ಅಪ್ಪ. ಸ್ಕೂಲಲ್ಲಿ ಹುಡುಗರು ಕೈ ತಿರುಗಿಸಿ ತೋರಿಸಿ ರೇಗಿಸಿದರೆ ಅವನು ಎರಡರಷ್ಟು ತಿರುಗಿಸಿ ತೋರಿಸುತ್ತಿದ್ದ. ಅಜ್ಜಿ ಬೈದರೆ ಕೊನೆಗೆ ತಾನೇ ನಗುತ್ತಾಳೆ. ಅಪ್ಪ ಮಾತ್ರ ಹಾಗಲ್ಲ. ಮೆಲ್ಚೋರ್ ಚಿಕ್ಕವನಿದ್ದಾಗ ಒಂದು ಸಲ ಟವೆಲ್ಲನ್ನು ತಲೆಗೆ ಸಿಕ್ಕಿಸಿಕೊಂಡು, ಅದೇ ಉದ್ದ ಕೂದಲು ಅಂತ ಬೆನ್ನ ಮೇಲೆ ಬೀಸಿಕೊಂಡು ಅಂಗಳದಲ್ಲಿ ನಡೆಯುತ್ತಿದ್ದ. ಸಮುದ್ರದಿಂದ ಬಂದ ಅಪ್ಪ ಸುಮ್ಮನೆ ಟವೆಲ್ ಕಿತ್ತುಕೊಂಡು ಒಳಗೆ ಹೋದ. ಅಪ್ಪನಿಗೆ ನನ್ನನ್ನು ಕಂಡರೆ ನಾಚಿಕೆಯೇ? ಆ ಪ್ರಶ್ನೆ ಅವತ್ತಿನಿಂದ ಅವನ ಹೊಟ್ಟೆಯೊಳಗೆ ಕೂತಿತ್ತು. ಬಾವಿಯ ದನಿ ಶುರುವಾದದ್ದೂ ಅವತ್ತಿನಿಂದಲೇ.

ಆದರೆ ಸ್ಪರ್ಧೆಯ ಹೊತ್ತಿಗೆ ಅಪ್ಪ ಸಮುದ್ರದಲ್ಲಿರುತ್ತಾನೆ. ಸಂಜೆಯಾದರೆ ದೋಣಿಗೆ ದೀಪ ಕಟ್ಟಿಕೊಂಡು ಹೊರಡುವುದು ಅಪ್ಪನ ಪದ್ಧತಿ. ಬೆಳಗ್ಗೆ ಅವನು ಬರುವಷ್ಟರಲ್ಲಿ ಪರದೆ ಮನೆಯಲ್ಲಿ ತೂಗುತ್ತಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗಂತ ಮೆಲ್ಚೋರ್ ಲೆಕ್ಕ ಹಾಕಿದ್ದ.

ಆ ಸಂಜೆ ಸೈನ್ಸ್ ಪ್ರಾಜೆಕ್ಟ್ ಇದೆ ಅಂತ ಹೇಳಿ ಮನೆಯಿಂದ ಹೊರಟರೆ, ಅಪ್ಪ ಅಂಗಳದಲ್ಲಿ ಕಾಲು ಚಾಚಿ ಕೂತು ಬಲೆಯ ತೂತು ಹೆಣೆಯುತ್ತಿದ್ದ. ದೋಣಿ ದಡದಲ್ಲೇ ಮಕಾಡೆ ಮಲಗಿತ್ತು. ತೆಂಗಿನ ಮರಗಳ ಹಿಂದೆ ಹಿತ್ತಾಳೆ ತಟ್ಟೆಯಂಥ ಚಂದ್ರ ಮೇಲೇರುತ್ತಿದ್ದ.

ಹುಣ್ಣಿಮೆ. ಬೆಳದಿಂಗಳಿದ್ದರೆ ಮೀನು ದೀಪಕ್ಕೆ ಬರುವುದಿಲ್ಲ, ಹುಣ್ಣಿಮೆಗೆ ಯಾವ ದೋಣಿಯೂ ಹೊರಡುವುದಿಲ್ಲ. ಲನಿಪಾದಲ್ಲಿ ಮೊಲೆಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಮೀನುಗಾರನ ಮಗನಾಗಿ ಹುಟ್ಟಿ ಹುಣ್ಣಿಮೆ ಮರೆತಿದ್ದಕ್ಕೆ ಮೆಲ್ಚೋರ್ ಮನಸ್ಸಿನಲ್ಲೇ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ.

“ನಾಳೆ ಹಬ್ಬ ಇಟ್ಕೊಂಡು ಸೈನ್ಸಾ?” ಅಂದ ಅಪ್ಪ, ತಲೆ ಎತ್ತದೆ.

“ಗ್ರೂಪ್ ಪ್ರಾಜೆಕ್ಟ್” ಅಂದ ಮೆಲ್ಚೋರ್, ಬಾವಿಯ ತಳದಿಂದ. ಪಕ್ಕದಲ್ಲಿ ಚಮಕಿ ಚಪ್ಪಲಿಯ ಲಿನಿಂಗ್, ನಾನೂ ಗ್ರೂಪಲ್ಲಿದೀನಿ ಅಂದಳು. ಅಪ್ಪ ಚಪ್ಪಲಿ ನೋಡಿದ. ಆಮೇಲೆ ಮತ್ತೆ ಬಲೆ ನೋಡಿದ.

ಇರಲಿ, ಕಡಲ ದಡ ಎಲ್ಲಿ, ಬಾಸ್ಕೆಟ್‌ಬಾಲ್ ಕೋರ್ಟ್ ಎಲ್ಲಿ, ಅಪ್ಪ ಇಂಥದಕ್ಕೆಲ್ಲ ಬರುವವನಲ್ಲ ಅಂತ ಮೆಲ್ಚೋರ್ ಧೈರ್ಯ ಹೇಳಿಕೊಂಡ.

ಕೋರ್ಟ್ ತುಂಬಿಹೋಗಿತ್ತು. ಅಜ್ಜಿ ಮುಂದಿನ ಸಾಲಲ್ಲೇ ಜಾಗ ಹಿಡಿದಿದ್ದಳು, ಆದರೆ ಅವಳಿಗೆ ದೂರದ್ದು ಕಾಣುವುದಿಲ್ಲ, ವಿಗ್ ಹಾಕಿಕೊಂಡವನ ಗುರುತು ಸಿಗುವುದಿಲ್ಲ ಅಂತ ಲಿನಿಂಗ್ ಭರವಸೆ ಕೊಟ್ಟಳು. ತೀರ್ಪುಗಾರರ ಮೇಜಿನ ನಡುವೆ ಕೂತಿದ್ದವಳು ಸೂಲಗಿತ್ತಿ ಉರ್ಸುಲಾ ಅಜ್ಜಿ. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದ್ದೇ ಅವಳು. ದಾರಿಯಲ್ಲಿ ಯಾವ ಮಗು ಸಿಕ್ಕರೂ ಗಲ್ಲ ಹಿಡಿದು, ಕಣ್ಣು ಕಿರಿದು ಮಾಡಿ, “ಯಾರ ಮಗು ನೀನು?” ಅಂತ ಕೇಳುತ್ತಾಳೆ. ಅಪ್ಪನ ಹೆಸರು, ಮನೆ ಇರುವ ಜಾಗ, ಎರಡನ್ನೂ ಗಟ್ಟಿಯಾಗಿ ಹೇಳಬೇಕು. ಮೆಲ್ಚೋರ್ ಮಾತು ಕಲಿತಾಗಿನಿಂದ ಅವಳಿಗೆ ಎಷ್ಟು ಸಲ ಹೇಳಿದ್ದನೋ.

ಜುಂಡೆಲ್ ಹೋಗಿ ಬ್ರೆಜಿಲ್ ಅಂತ ಕೂಗಿ ಬಂದ. ಮುಂದಿನ ಸರದಿ ಮೆಲ್ಚೋರನದು. ಬಿಳಿ ಪರದೆಯಲ್ಲಿ ಸಾವಿರ ಚಮಕಿ ಮಿನುಗಿಸುತ್ತಾ, ಹಿಂದೆ ಬಾಲ ಹಿಡಿದ ಲಿನಿಂಗ್ ಸಮೇತ ಮೈಕಿನ ಮುಂದೆ ಬಂದು ನಿಂತ. ಜನ ಓಹೋ ಅಂದರು. ಎದೆ ಉಬ್ಬಿಸಿ ಉಸಿರು ಎಳೆದುಕೊಂಡ. “ಮಿಸ್ ಐಸ್... ಲ್ಯಾಂಡ್!” ತೆಂಗಿನ ಮರಗಳಿಗೆ ಕಟ್ಟಿದ್ದ ಲೌಡ್‌ಸ್ಪೀಕರುಗಳು ಅದನ್ನು ಊರೆಲ್ಲ ಒಯ್ದವು.

ಈಗ ಹೆಸರು. ಆಗಲೇ ಉರ್ಸುಲಾ ಅಜ್ಜಿ ಮೇಜಿನ ಮೇಲೆ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು.

ಅಷ್ಟೇ. ವೆರೋನಿಕಾ ಎಲ್ಲಿ ಹೋದಳೋ, ಅಲೆಗ್ರಾ ಎಲ್ಲಿ ಹೋದಳೋ. ಬಾಯಿ ತಾನಾಗಿ ತೆರೆದುಕೊಂಡಿತು. “ಮೆಲ್ಚೋರ್ ಗಬಾಸಾ! ಡೊಮಿಂಗ್ ಗಬಾಸಾ ಮಗ! ಮೀನಿನ ಕಟ್ಟೆ ಪಕ್ಕದ ಮನೆ!”

ಕೋರ್ಟಿನಲ್ಲಿ ಎದ್ದ ನಗುವಿಗೆ ಕಟ್ಟಿದ್ದ ಬಣ್ಣದ ಕಾಗದಗಳು ಅಲುಗಾಡಿದವು. ಮುಂದಿನ ಸಾಲಿನಿಂದ ಅಜ್ಜಿಯ ದನಿ ಎಲ್ಲಕ್ಕಿಂತ ಮೇಲೆ ಕೇಳಿತು: “ಅಯ್ಯೋ ನನ್ನ ಸೊಳ್ಳೆಪರದೆ.”

ಮೆಲ್ಚೋರ್ ಗಾದೆ ಗೀದೆ ಏನೂ ಹೇಳದೆ ಓಡಿದ. ಓಡುವಾಗ ಗೌನಿನ ಬಾಲ ಮೆಟ್ಟಿಲಿನ ಮೊಳೆಗೆ ಸಿಕ್ಕಿ ಪರ್ರ್ ಅಂತ ಹರಿಯಿತು. ಲಿನಿಂಗ್ ಕೈಯಲ್ಲಿ ಬರೀ ಅಂಚು ಉಳಿಯಿತು.

ಸ್ಟೇಜಿನ ಹಿಂದೆ ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದು ಕೂತ. ಗ್ಲೆಂಡಾ ಆಂಟಿ ಬೀಸಣಿಗೆಯಿಂದ ಗಾಳಿ ಹಾಕುತ್ತಾ, ಗೌನಿನ ಸುತ್ತು ಇನ್ನೂ ಬಾಕಿ ಇದೆ, ಜನಕ್ಕೆ ನೀನೇ ಇಷ್ಟವಾಗಿದೀಯ ಅಂದಳು. ಅವನಿಗೆ ಅದೊಂದೂ ಕೇಳಿಸಲಿಲ್ಲ. ಲೌಡ್‌ಸ್ಪೀಕರಿನ ಶಬ್ದ ಕಡಲ ದಡದ ತನಕ ಹೋಗುತ್ತೆ. ತನ್ನ ಬಾಯಿಂದಲೇ, ಅಪ್ಪನ ಹೆಸರು ಹಿಡಿದು, ಊರಿಗೆಲ್ಲ ಸಾರಿಬಿಟ್ಟಿದ್ದ. ಇನ್ನು ಮನೆಗೆ ಹೋಗುವುದು ಹೇಗೆ?

ಮನೆಗೆ ಹೋಗುವ ಕಷ್ಟ ಬರಲಿಲ್ಲ. ಅಪ್ಪನೇ ಬಂದ. ಬಲೆ ಹೆಣೆಯುವ ಬಿದಿರಿನ ಸೂಜಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದವನು ಹಾಗೇ ಎದ್ದು ಬಂದಿದ್ದ. ಅವನನ್ನು ಕಂಡು ಅಕ್ಕಿ ಚೀಲದ ಮಿಸ್ ಬ್ರೆಜಿಲ್ ಮೆಲ್ಲಗೆ ಆಚೆ ಜಾರಿದ. ಗ್ಲೆಂಡಾ ಆಂಟಿ ಮಾತ್ರ ಬೀಸಣಿಗೆಯನ್ನು ಕತ್ತಿಯ ಹಾಗೆ ಹಿಡಿದು ಮೆಲ್ಚೋರನ ಮುಂದೆ ನಿಂತಳು. ಹುಡುಗನ ಮೈ ಮುಟ್ಟಿದರೆ ನೆಟ್ಟಗಿರಲ್ಲ ಅಂದಳು.

ಅಪ್ಪ ಅವಳನ್ನು ಬಳಸಿಕೊಂಡು ಹೋಗಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಹರಿದ ಜಾಗವನ್ನು ಬೆರಳಲ್ಲಿ ಹಿಡಿದು ನೋಡಿದ.

“ಇದೇನಾ ಒಣಗದೆ ಇದ್ದದ್ದು?”

ಮೆಲ್ಚೋರ್ ಹೌದು ಅಂತ ತಲೆಯಾಡಿಸಿದ.

“ಗಂಟು ಯಾರು ಹಾಕಿದ್ದು?”

“ನಾನೇ.”

“ಜಾರುಗಂಟು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಎಲ್ಲಾ ಬಿಚ್ಚಿಕೊಂಡು ಬರೀ ಚಡ್ಡಿಯಲ್ಲಿ ನಿಂತಿರ್ತಿದ್ದೆ” ಅಂದ ಅಪ್ಪ. ಆಮೇಲೆ ಕಿವಿಯಿಂದ ಸೂಜಿ ತೆಗೆದು ದಾರ ಕೇಳಿದ. ಗ್ಲೆಂಡಾ ಆಂಟಿ ಬೀಸಣಿಗೆ ಕೆಳಗಿಟ್ಟು ದಾರ ಹುಡುಕಿದಳು. ಬಲೆಯ ಸೂಜಿ ಪರದೆಗೆ ದಪ್ಪವಾಯಿತು ಅಂತ ಹೊಲಿಯುವ ಸೂಜಿಯನ್ನೂ ಕೊಟ್ಟಳು.

ಅಪ್ಪ ಹೆಣೆಯತೊಡಗಿದ. ಮೀನಿನ ಬಲೆಗೆ ಹಾಕುವ ಗಂಟೇ. ಒಂದೊಂದನ್ನೂ ಹಲ್ಲಿನಿಂದ ಎಳೆದು ಬಿಗಿ ಮಾಡುತ್ತಿದ್ದ. ತಲೆ ಬಗ್ಗಿಸಿಕೊಂಡಿದ್ದರಿಂದ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಮೆಲ್ಚೋರನಿಗೆ ಕೇಳುವ ಧೈರ್ಯ ಬಂತು.

“ಅಪ್ಪಾ, ನಾನು ಚಿಕ್ಕವನಿದ್ದಾಗ ನನ್ನ ತಲೆ ಮೇಲಿಂದ ಟವೆಲ್ ಯಾಕೆ ಕಿತ್ಕೊಂಡೆ?”

“ಯಾವ ಟವೆಲ್?”

“ನಾನು ಕೂದಲು ಮಾಡ್ಕೊಂಡಿದ್ದು. ನೀನು ಕಡಲಿಂದ ಬಂದೆ, ಕಿತ್ಕೊಂಡು ಒಳಗೆ ಹೋದೆ.”

ಅಪ್ಪ ಕೈ ನಿಲ್ಲಿಸಿ ಯೋಚಿಸಿದ. ನೆನಪಿಗೆ ಬರಲಿಲ್ಲ. “ಮೈ ಒದ್ದೆಯಾಗಿತ್ತೇನೋ, ಒರೆಸ್ಕೊಳ್ಳೋಕಿರಬೇಕು” ಅಂದ.

ಮೆಲ್ಚೋರ್ ಬಾಯಿ ತೆರೆದುಕೊಂಡು ನೋಡಿದ. ಇಷ್ಟು ವರ್ಷ ಬಾವಿಯೊಳಗಿಂದ ಮಾತಾಡಿ ಗಂಟಲು ಕೆಡಿಸಿಕೊಂಡದ್ದೆಲ್ಲ ಒಂದು ಒದ್ದೆ ಮೈಗಾಗಿ.

“ನೀನು ಇಂಥವನು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?” ಅಂದ ಅಪ್ಪ, ಗಂಟಿನ ಮೇಲೇ ಕಣ್ಣಿಟ್ಟು. “ಗೊತ್ತಿತ್ತು. ಏನು ಹೇಳ್ಬೇಕು ಅನ್ನೋದು ಗೊತ್ತಿರ್ಲಿಲ್ಲ. ಈಗಲೂ ಗೊತ್ತಿಲ್ಲ. ಒಂದು ಹೇಳ್ತೀನಿ, ನನ್ನ ಹತ್ರ ಆ ದನೀಲಿ ಮಾತಾಡ್ಬೇಡ. ನಿಂಗೆ ಕೆಮ್ಮು ಬಂದಾಗೆಲ್ಲ ನಂಗೆ ಭಯ ಆಗುತ್ತೆ.” ಅಷ್ಟು ಉದ್ದದ ಮಾತು ಅಪ್ಪ ಆ ವರ್ಷವೆಲ್ಲ ಆಡಿರಲಿಲ್ಲ. ಗ್ಲೆಂಡಾ ಆಂಟಿ ಆಚೆ ತಿರುಗಿ ಮೂಗು ಒರೆಸಿಕೊಂಡಳು.

ಗೌನಿನ ಸುತ್ತಿಗೆ ಕರೆದರು. ಆಂಟಿ ಅವನ ಕಿವಿಯಲ್ಲಿ ವೆರೋನಿಕಾ ಅಲೆಗ್ರಾ ಅಂತ ಮತ್ತೆ ಮತ್ತೆ ಹೇಳಿ ಕಳಿಸಿದಳು. ಮೆಲ್ಚೋರ್ ನಡೆದು ಬಂದ. ಒಂದು ಗಂಟೂ ಜಾರಲಿಲ್ಲ. ಹಿಂದೆ ಲಿನಿಂಗ್ ಬಾಲಕ್ಕಿಂತ ಹೆಚ್ಚಾಗಿ ತನ್ನ ಚಪ್ಪಲಿಯನ್ನೇ ಜನಕ್ಕೆ ತೋರಿಸುತ್ತಾ ಬಂದಳು.

ಪ್ರಶ್ನೆ ಕೇಳುವುದು ತೀರ್ಪುಗಾರರ ಕೆಲಸ. ಬೇರೆ ಎಲ್ಲರಿಗೂ ಲೋಕಶಾಂತಿ, ವಿದ್ಯಾಭ್ಯಾಸ ಅಂತ ಕೇಳಿದ್ದರು. ಉರ್ಸುಲಾ ಅಜ್ಜಿ ಮೈಕ್ ಹತ್ತಿರ ಎಳೆದುಕೊಂಡು, ಮುದುಕಿಯರ ತುಂಟ ನಗು ನಕ್ಕಳು. “ಆಗ ನೀನು ಓಡಿಹೋದೆ. ನಂಗೆ ವಯಸ್ಸಾಯ್ತು, ಸರಿಯಾಗಿ ಕೇಳಿಸಲಿಲ್ಲ. ಯಾರ ಮಗು ನೀನು?”

ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಕೋರ್ಟಿನ ಕೊನೆಯಲ್ಲಿ, ಬಾಡಿಗೆಗೆ ನಿಂತ ಮೂರು ಗಾಲಿಯ ಟ್ರೈಸಿಕಲ್ಲುಗಳ ಪಕ್ಕ ಅಪ್ಪ ನಿಂತಿದ್ದ, ಸೂಜಿ ಮತ್ತೆ ಕಿವಿಗೆ ಏರಿತ್ತು. ಮೆಲ್ಚೋರ್ ಅವನನ್ನು ನೋಡಿದ. ವೆರೋನಿಕಾ ಅಲೆಗ್ರಾ ಈ ಸಲ ನೆನಪಿದ್ದಳು, ನಾಲಗೆ ತುದಿಯಲ್ಲೇ ಇದ್ದಳು. ಅವಳನ್ನು ಅಲ್ಲೇ ಬಿಟ್ಟ. ಎದೆ ತುಂಬ ಉಸಿರು ಎಳೆದುಕೊಂಡು, ದೇಶದ ಹೆಸರು ಕೂಗುವ ಹಾಗೆ, ತನ್ನದೇ ತೆಳ್ಳನೆಯ, ಗಿಲಕಿಯಂಥ ದನಿಯಲ್ಲಿ ಕೂಗಿದ.

“ಮೆಲ್... ಚೋರ್ ಗಬಾಸಾ! ಡೋ... ಮಿಂಗ್ ಗಬಾಸಾ ಮಗ! ನಾನು ನಂಬಿರುವ ಗಾದೆ ಏನಂದ್ರೆ, ಸೊಳ್ಳೆಪರದೆ ಕದ್ದವನಿಗೂ ಸೊಳ್ಳೆ ಕಚ್ಚೋದು ತಪ್ಪಲ್ಲ!”

ಜನ ಬಿದ್ದು ಬಿದ್ದು ನಕ್ಕರು. ಅಜ್ಜಿ ತನ್ನ ಮೊಣಕೈ ಎತ್ತಿ ಅಕ್ಕಪಕ್ಕದವರಿಗೆಲ್ಲ ದದ್ದು ತೋರಿಸಿದಳು, ಸಾಕ್ಷಿಗೆ. ದೂರದಲ್ಲಿ ಯಾರೋ ಅಪ್ಪನ ಬೆನ್ನು ತಟ್ಟಿದರು. ಅಪ್ಪ ಕತ್ತು ಕೆರೆದುಕೊಂಡ.

ಕಿರೀಟ ಮಿಸ್ ಬ್ರೆಜಿಲ್ ಪಾಲಾಯಿತು. ಮೆಲ್ಚೋರನಿಗೆ ಸಿಕ್ಕಿದ್ದು ಚೆಂದದ ಗೌನಿನ ಬಹುಮಾನ. ಅದನ್ನು ಕೊಟ್ಟವರು ಮೂಲೆಯಂಗಡಿಯವರು, ಅವರ ಅಂಗಡಿಯಲ್ಲಿ ಖರ್ಚಾಗದೆ ಉಳಿದಿದ್ದ ಒಂದು ಡಬ್ಬ ಸೊಳ್ಳೆಬತ್ತಿ. ಅಜ್ಜಿ ಅದನ್ನು ಎದೆಗೆ ಅವುಚಿಕೊಂಡು, ಇದು ವಾರದ ಹಿಂದೆ ಬರಬೇಕಿತ್ತು ಅನ್ನುತ್ತಾ ಮನೆಗೆ ನಡೆದಳು.

ಪರದೆ ಮತ್ತೆ ಅದರ ಮೊಳೆಗಳಿಗೆ ಏರಿತು. ನೆರಿಗೆ ಬಿಚ್ಚಿದರು, ಅಪ್ಪ ಹೆಣೆದ ಜಾಗ ಮಾತ್ರ ಬಲೆಯ ಹಾಗೆ ಉಬ್ಬಿಕೊಂಡಿತ್ತು. ಮೆಲ್ಚೋರ್ ಚಮಕಿ ಬಿಡಿಸೋಕೆ ಕೂತರೆ, ಇರಲಿ ಬಿಡು, ಮಲಗು ಅಂದ ಅಪ್ಪ.

ಬೆಳಗ್ಗೆ ಹಬ್ಬದ ಅಡುಗೆಗೆ ಡಬ್ಬಿಯ ಐಸಿನಲ್ಲಿ ಇಟ್ಟಿದ್ದ ಮೀನು ತರೋಕೆ ಅಪ್ಪ ಮೀನಿನ ಕಟ್ಟೆಗೆ ಹೊರಟ. ಹಿಂದೆ ಬುಟ್ಟಿ ಹಿಡಿದು ಮೆಲ್ಚೋರ್. ಕಟ್ಟೆಯ ಮೇಲೆ ಅಪ್ಪನ ಜೊತೆಯವರೆಲ್ಲ ಬೀಡಿ ಸೇದುತ್ತಾ ಕೂತಿದ್ದರು. ಅವರಲ್ಲಿ ಮೀನು ಮಾರುತ್ತಿದ್ದ ಒಬ್ಬ ಅಪ್ಪನ ಮುಖವನ್ನೇ ದಿಟ್ಟಿಸಿ ನೋಡಿ ಕಿಸಕ್ಕನೆ ನಕ್ಕ. ಆಗ ಮೆಲ್ಚೋರನೂ ನೋಡಿದ. ಅಪ್ಪನ ಕೆನ್ನೆಯ ಮೇಲೆ, ಗಡ್ಡದ ಮೊಳಕೆಗಳ ನಡುವೆ, ಒಂದು ಬೆಳ್ಳಿ ಚಮಕಿ ಅಂಟಿಕೊಂಡು ಬಿಸಿಲಿಗೆ ಥಳಥಳ ಅನ್ನುತ್ತಿತ್ತು.

ಏನೋ ಡೊಮಿಂಗ್, ಮುಂದಿನ ವರ್ಷ ನೀನೂ ನಿಲ್ತೀಯಾ ಅಂತ ಆ ಮನುಷ್ಯ ರೇಗಿಸಿದ, ಕೆನ್ನೆ ತೋರಿಸಿದ.

ಅಪ್ಪ ಕೆನ್ನೆ ಮುಟ್ಟಿ ನೋಡಿಕೊಂಡ. ಬೆರಳ ತುದಿಗೆ ಚಮಕಿ ಸಿಕ್ಕಿತು. ಅದನ್ನು ಒಂದು ಸಲ ನೋಡಿ, ಇದ್ದ ಜಾಗಕ್ಕೇ ಮತ್ತೆ ಒತ್ತಿಕೊಂಡ.

“ಮೀನು ಹೆಂಗೆ ಕೊಡ್ತೀಯಾ?” ಅಂದ.

ಮೆಲ್ಚೋರ್ ಬುಟ್ಟಿ ಮುಂದೆ ಚಾಚಿದ. “ದೊಡ್ಡದು ಕೊಡಿ ಮಾಮ, ಅಜ್ಜಿಗೆ ದೊಡ್ಡದೇ ಬೇಕಂತೆ” ಅಂದ. ಗಿಲಕಿಯಂಥ ದನಿ ನೀರಿನ ಮೇಲೆ ದೂರ ಹೋಯಿತು. ಕೆಮ್ಮು ಬರಲಿಲ್ಲ.